ಟೆಕ್ಸಾಸ್‌ನಿಂದ ತಾಂಡಾಕ್ಕೆ: ಒಂದು ಆನ್‌ಲೈನ್ ಕೋರ್ಸ್ ಮಾಡಿ ನೋಡಿದ ಮೇಲೆ

ಈ ಕೋರ್ಸಿನ ಹೆಸರು ನಾನು ಬರೆಯುವುದಿಲ್ಲ, ಮೊದಲೇ ಹೇಳಿಬಿಡುತ್ತೇನೆ. ಹೊಗಳಿದರೆ ಜಾಹೀರಾತು ಅಂತೀರಿ, ಬೈದರೆ ಅವರು ಜಗಳಕ್ಕೆ ಬರುತ್ತಾರೆ. ಅಮೆರಿಕದವರದು, ಆರು ವಾರದ್ದು. ನೋಡೋಕೆ ಪುಕ್ಕಟೆ, ಸರ್ಟಿಫಿಕೇಟ್ ಬೇಕಂದರೆ ದುಡ್ಡು. ವಿಷಯ ಏನಪ್ಪಾ ಅಂದರೆ, ಅಲ್ಲಿನ ಹಿಸ್ಪ್ಯಾನಿಕ್, ಅಂದರೆ ಸ್ಪ್ಯಾನಿಷ್ ಮಾತಿನ ಮೂಲದ, ಕುಟುಂಬಗಳನ್ನು ಮಕ್ಕಳ ಓದು ಬರಹದಲ್ಲಿ, ಶಾಲೆಯ ಕೆಲಸದಲ್ಲಿ ಹೇಗೆ ಜೊತೆಗೆ ಸೇರಿಸಿಕೊಳ್ಳಬೇಕು ಅನ್ನೋದು.

"ವಿಜಯಪುರದಾಗ ಕುಂತು ನಿನಗ್ಯಾಕ ಇದು?" ಅಂತ ನಮ್ಮ ಮನೆಯವರೂ ಕೇಳಿದರು. ನ್ಯಾಯವಾದ ಪ್ರಶ್ನೆನೇ.

ನಾನು ಸರ್ಕಾರಿ ಪ್ರಾಥಮಿಕ ಶಾಲೆಯ ಟೀಚರ್. ಹದಿನಾಲ್ಕು ವರ್ಷದ ಸರ್ವಿಸು. ಕೊನೆಯ ಏಳು ವರ್ಷ ತಿಕೋಟಾ ಕಡೆಯ ಒಂದು ಲಂಬಾಣಿ ತಾಂಡಾದಲ್ಲಿ. ಮಕ್ಕಳು ಮನೆಯಲ್ಲಿ ಆಡೋದು ಲಂಬಾಣಿ, ಶಾಲೆಯಲ್ಲಿ ಸಿಗೋದು ಕನ್ನಡ. ಒಂದನೇ ತರಗತಿಗೆ ಬರುವ ಮಗುವಿಗೆ ನಾನು 'ನೀರು' ಅಂದರೆ ಅದಕ್ಕೆ 'ಪಾಣಿ' ಅಂತ ಗೊತ್ತಾಗೋಕೆ ವಾರ ಬೇಕು. ದೀಪಾವಳಿ ಮುಗೀತು ಅಂದರೆ ಅರ್ಧ ತಾಂಡಾ ಕಬ್ಬು ಕಡಿಯೋಕೆ ಸಾಂಗ್ಲಿ, ಕೊಲ್ಹಾಪುರ ಕಡೆ ಹೊರಡುತ್ತದೆ. ತಿರುಗಿ ಬರೋದು ಯುಗಾದಿ ಹೊತ್ತಿಗೆ. ಪಾಲಕರ ಸಭೆ ಕರೆದರೆ ನಾಲ್ಕು ಜನ. ಅದರಲ್ಲಿ ಒಬ್ಬರು ನಮ್ಮ ಬಿಸಿಯೂಟದ ಅಡುಗೆಯವರು. ಅವರು ಹೇಗೂ ಶಾಲೆಯಲ್ಲೇ ಇರುತ್ತಾರೆ!

2009ರ ಶಿಕ್ಷಣ ಹಕ್ಕು ಕಾಯ್ದೆ ಪ್ರಕಾರ ಶಾಲೆಯ ಸಮಿತಿಯಲ್ಲಿ ಮುಕ್ಕಾಲು ಪಾಲು ಜನ ತಂದೆ ತಾಯಿ, ಪಾಲಕರೇ ಇರಬೇಕು. ಸದಸ್ಯರಲ್ಲಿ ಅರ್ಧ ಹೆಣ್ಣುಮಕ್ಕಳು. ಈ ಸಮಿತಿಗೆ ನಮ್ಮಲ್ಲಿ ಎಸ್‌ಡಿಎಂಸಿ ಅಂತಾರೆ. ಅದರ ವಹಿಯಲ್ಲಿ ಎಲ್ಲಾ ಸರಿಯಾಗೇ ಇದೆ. ಸಹಿ ಇದೆ, ಹೆಬ್ಬೆಟ್ಟೂ ಇದೆ. ಮಾತಾಡಿದ್ದು ಮಾತ್ರ ಯಾವಾಗಲೂ ನಾವೇ, ಟೀಚರ್‌ಗಳು.

ಅಕ್ಕನ ಮಗಳು ಟೆಕ್ಸಾಸ್‌ನಲ್ಲಿ ಇದ್ದಾಳೆ. ಅವಳ ಮಗುವಿನ ಶಾಲೆಯಿಂದ ಬರುವ ಪ್ರತಿ ಚೀಟಿಯೂ ಎರಡು ಭಾಷೆಯಲ್ಲಿ ಇರುತ್ತದಂತೆ. ಒಂದು ಕಡೆ ಇಂಗ್ಲಿಷ್, ಹಿಂದೆ ತಿರುವಿದರೆ ಸ್ಪ್ಯಾನಿಷ್. ಒಂದಿನ ಫೋನಿನಲ್ಲಿ ನನ್ನ ಗೋಳು ಕೇಳಿ ಕೇಳಿ ಸಾಕಾಗಿ ಈ ಲಿಂಕ್ ಕಳಿಸಿದಳು. "ಚಿಗವ್ವ, ಇದು ನಿಮ್ಮ ತಾಂಡಾದ ಕಥೀನೇ, ಭಾಷೆ ಅಷ್ಟೇ ಬೇರೆ" ಅಂದಳು. ಸೆಪ್ಟೆಂಬರ್‌ನಲ್ಲಿ ಸೇರಿಕೊಂಡೆ.

ನಾವು ಟೀಚರ್‌ಗಳು ಆನ್‌ಲೈನ್ ತರಬೇತಿ ಅಂದರೆ ವಿಡಿಯೊ ಓಡೋಕೆ ಬಿಟ್ಟು ಒಲೆ ಮುಂದೆ ರೊಟ್ಟಿ ಬಡಿಯೋ ಜನ. ನಾನೂ ಹಾಗೇ ಶುರು ಮಾಡಿದೆ. ಮೊದಲ ವಾರ ನನ್ನನ್ನು ಒಲೆ ಬಿಟ್ಟು ಏಳಿಸಿದ್ದು ಪಾಠ ಅಲ್ಲ, ಕೆಳಗೆ ಓಡುವ ಕನ್ನಡ ಅಕ್ಷರ. ಯಂತ್ರ ಮಾಡಿದ ಅನುವಾದ. "ಪಾಲಕರಿಗೆ ಕೈ ಚಾಚಿ" ಅಂತ ಬಂತು. ಮತ್ತೆ ಬಂತು. ಐದು ನಿಮಿಷದಲ್ಲಿ ನಾಲ್ಕು ಸಲ ಪಾಲಕರ ಮುಂದೆ ಕೈ ಚಾಚೋಕೆ ಹೇಳಿತು. ಇದೇನು, ಅಮೆರಿಕದ ಟೀಚರ್‌ಗಳೂ ಭಿಕ್ಷೆ ಎತ್ತುತ್ತಾರಾ ಅಂದುಕೊಂಡೆ. ಆಮೇಲೆ ತಿಳಿಯಿತು, ಅವರು ಹೇಳಿದ್ದು ನಾವಾಗಿ ಹೋಗಿ ಮಾತಾಡಿಸಿ ಅಂತ. ಆ ಅಕ್ಷರ ಆರಿಸಿ ಇಂಗ್ಲಿಷ್‌ನಲ್ಲೇ ಕೇಳಿದೆ. ನಿಮಗೂ ಅದನ್ನೇ ಹೇಳುತ್ತೇನೆ. ಮಾತು ನಿಧಾನ ಇದೆ, ಬಿ.ಎಡ್ ಇಂಗ್ಲಿಷ್ ಸಾಕು.

ಮೊದಲ ವಾರ ಹಿಸ್ಪ್ಯಾನಿಕ್ ಅಂದರೆ ಯಾರು ಅನ್ನೋದೇ ಪಾಠ. ನಾನು ಮೆಕ್ಸಿಕೋದವರು ಅಂದುಕೊಂಡಿದ್ದೆ. ಪೋರ್ಟೊ ರಿಕೊ, ಕ್ಯೂಬಾ, ಎಲ್ ಸಾಲ್ವಡಾರ್, ಎಲ್ಲಾ ಕಡೆಯವರೂ ಅದರಲ್ಲಿ ಬರುತ್ತಾರೆ. ಹತ್ತಾರು ತಲೆಮಾರಿನಿಂದ ಅಲ್ಲೇ ಇರುವವರೂ ಇದ್ದಾರೆ, ನಿನ್ನೆ ಬಂದವರೂ ಇದ್ದಾರೆ. ಅಮೆರಿಕದ 2020ರ ಜನಗಣತಿಯಲ್ಲಿ 6 ಕೋಟಿ 21 ಲಕ್ಷ ಜನ. ಹತ್ತಿರ ಹತ್ತಿರ ಐವರಲ್ಲಿ ಒಬ್ಬರು. ನಮ್ಮ ಕರ್ನಾಟಕದ ಜನಸಂಖ್ಯೆಯಷ್ಟು ಅಂತ ಲೆಕ್ಕ ಹಾಕಿಕೊಂಡೆ. ಅಷ್ಟು ಮಂದಿಯನ್ನು ಒಂದೇ ಪದದಲ್ಲಿ ಕಟ್ಟಿಹಾಕಬೇಡಿ ಅಂತ ಕೋರ್ಸ್ ಹೇಳುತ್ತದೆ. ಹೇಳಿ, ಮುಂದಿನ ಐದು ವಾರ ಅದೇ ಪದದಲ್ಲಿ ಕಟ್ಟಿಹಾಕುತ್ತದೆ. ಇರಲಿ.

ಎರಡನೇ ವಾರ ಒಂದು ಸ್ಪ್ಯಾನಿಷ್ ಪದ ಕಲಿಸಿದರು. 'ಎದುಕಾಸಿಯೋನ್'. ಕೇಳೋಕೆ ಎಜುಕೇಶನ್ ಥರಾನೇ ಇದೆ. ಅರ್ಥ ಬೇರೆ. ಅವರಲ್ಲಿ ಒಂದು ಮಗು 'ಬಿಯೆನ್ ಎದುಕಾದೋ' ಅಂದರೆ ಜಾಸ್ತಿ ಮಾರ್ಕ್ಸ್ ತೆಗೆದ ಮಗು ಅಲ್ಲ. ದೊಡ್ಡವರಿಗೆ ಮರ್ಯಾದೆ ಕೊಡುವ, ನಾಲ್ಕು ಜನರ ಮುಂದೆ ಸರಿಯಾಗಿ ನಡೆದುಕೊಳ್ಳುವ ಮಗು. ಅದನ್ನು ಕಲಿಸೋದು ಮನೆಯ ಕೆಲಸ, ಅಕ್ಷರ ಕಲಿಸೋದು ಟೀಚರ್ ಕೆಲಸ ಅಂತ ಆ ತಾಯಂದಿರು ನಂಬಿದ್ದಾರೆ. ಟೀಚರ್ ಕೆಲಸದಲ್ಲಿ ಕೈ ಹಾಕಿದರೆ ಅವರಿಗೆ ಅಗೌರವ ಮಾಡಿದ ಹಾಗೆ. ಅದಕ್ಕೇ ಶಾಲೆಗೆ ಬರುವುದಿಲ್ಲ. ಶಾಲೆಯವರು ಮಾತ್ರ 'ಇವರಿಗೆ ಮಕ್ಕಳ ಬಗ್ಗೆ ಕಾಳಜಿ ಇಲ್ಲ' ಅಂತ ಬರೆದುಕೊಳ್ಳುತ್ತಾರೆ.

ಇಲ್ಲಿ ವಿಡಿಯೊ ನಿಲ್ಲಿಸಿದೆ. ಯಾಕಂದರೆ ಏಳು ವರ್ಷದಿಂದ ನಾನು ಬರೆದುಕೊಂಡದ್ದೂ ಅದನ್ನೇ. "ಅಕ್ಕೋರ, ನಿಮ್ಮ ಮಗಾ ಅಂತ ತಿಳೀರಿ, ಹೊಡೀರಿ, ಬಡೀರಿ, ನಿಮಗ ಬಿಟ್ಟದ್ದು" ಅಂತ ತಾಯಂದಿರು ಹೇಳಿ ಹೋಗುವಾಗ ನಾನು ಅದನ್ನು ಬೇಜವಾಬ್ದಾರಿ ಅಂತ ಎಣಿಸಿದ್ದೆ. ಅವರು ಮರ್ಯಾದೆ ಕೊಡುತ್ತಿದ್ದರು, ಅಲ್ವಾ?

ಇನ್ನು ಮೂರನೇ ವಾರ. ಇಡೀ ಕೋರ್ಸಿನಲ್ಲಿ ಇದೊಂದೇ ನೋಡಿದರೂ ಸಾಕು ಅಂತೀನಿ.

ಅರಿಜೋನಾದ ಟೂಸಾನ್ ಅಂತ ಒಂದು ಊರು, ಮೆಕ್ಸಿಕೋ ಗಡಿ ಹತ್ತಿರ. ಅಲ್ಲಿ ಲೂಯಿಸ್ ಮಾಲ್, ನಾರ್ಮಾ ಗೊನ್ಸಾಲೆಸ್ ಅನ್ನುವ ಸಂಶೋಧಕರು ಟೀಚರ್‌ಗಳನ್ನು ಜೊತೆಗೆ ಸೇರಿಸಿಕೊಂಡು ಮಕ್ಕಳ ಮನೆಗೆ ಕಳಿಸಿದರು. ಕಲಿಸೋಕೆ ಅಲ್ಲ, ಕಲಿಯೋಕೆ. ಈ ಮನೆಯವರಿಗೆ ಏನು ಬರುತ್ತದೆ ಅಂತ ತಿಳಿದುಕೊಂಡು ಬನ್ನಿ ಅಂತ. ಹೋದವರಿಗೆ ಕಂಡದ್ದು ಏನು? ಬೇಸಾಯ, ಗಾರೆ ಕೆಲಸ, ಗಿಡಮೂಲಿಕೆ, ಗಾಡಿ ರಿಪೇರಿ, ಗಡಿಯ ಆಚೆ ಈಚೆಗಿನ ವ್ಯಾಪಾರ. ಒಬ್ಬ ಹುಡುಗ ಮೆಕ್ಸಿಕೋದಿಂದ ತಂದ ಮಿಠಾಯಿ ಓಣಿಯಲ್ಲಿ ಮಾರುತ್ತಿದ್ದನಂತೆ. ಟೀಚರ್ ಅದನ್ನೇ ಹಿಡಿದು ತರಗತಿಯಲ್ಲಿ ಮಿಠಾಯಿ ಮೇಲೆ ಪಾಠ ಕಟ್ಟಿದರು. ಒಬ್ಬ ತಾಯಿ ಬಂದು ಮಕ್ಕಳಿಗೆ ಮಿಠಾಯಿ ಮಾಡೋದು ತೋರಿಸಿದರು. ಈ ಕೆಲಸದ ವರದಿ 1992ರಲ್ಲಿ ಅಚ್ಚಾಯಿತು. ಮನೆಮನೆಯಲ್ಲಿ ಇರುವ ಇಂಥ ತಿಳಿವಳಿಕೆಗೆ ಅವರು ಕೊಟ್ಟ ಹೆಸರನ್ನು ನಾನು ಕನ್ನಡದಲ್ಲಿ 'ತಿಳಿವಿನ ಗಂಟು' ಅಂತ ಬರೆದುಕೊಂಡಿದ್ದೇನೆ. ಗಂಟು ಅಂದರೆ ಕೂಡಿಟ್ಟದ್ದು.

ಹೋಂವರ್ಕ್ ಏನಂದರೆ ಮೂರು ಮನೆಗೆ ಹೋಗಿ ಬರಬೇಕು.

ಮೊದಲ ಮನೆ ಕೆಟ್ಟಿತು. ಅಭ್ಯಾಸಬಲ, ಹಾಜರಿ ವಹಿ ಬಗಲಲ್ಲಿ ಇಟ್ಟುಕೊಂಡು ಹೋಗಿದ್ದೆ. ವಹಿ ಕಂಡಿದ್ದೇ ತಡ, ತಾಯಿ ಎದ್ದು ನಿಂತು, "ಜ್ವರ ಬಂದಾವ್ರಿ ಅವಂಗ" ಅಂದರು. ಹುಡುಗ ಹಿಂದಿನ ಬಾಗಿಲಿನಿಂದ ಓಡಿದ್ದನ್ನು ನಾನೇ ನೋಡಿದ್ದೆ. ಜ್ವರ ಬಂದವನು ಅಷ್ಟು ಜೋರಾಗಿ ಓಡಲ್ಲ. ಆದರೂ ಸುಮ್ನೆ ಎದ್ದು ಬಂದೆ.

ಎರಡನೇ ಸಲ ಕೈಯಲ್ಲಿ ವಹಿ ಇಲ್ಲ, ಪೆನ್ನೂ ಇಲ್ಲ. ಒಂದು ಪೊಟ್ಟಣ ಶೇಂಗಾ ಹಿಡಿದುಕೊಂಡು ಸಂಜೆ ಏಳಕ್ಕೆ ಹೋದೆ. ನಾಲ್ಕನೇ ತರಗತಿಯ ಹುಡುಗಿಯ ಮನೆ. ಅಪ್ಪ ಶಾಲೆಯ ಮುಖ ನೋಡಿದವರಲ್ಲ. ಅಂಗಳದಲ್ಲಿ ಕುಂತು ಕೋಯ್ತಾ ಮಸೆಯುತ್ತಿದ್ದರು. ಕಬ್ಬು ಕಡಿಯುವ ಕತ್ತಿ ಅದು. ಗಂಡ ಹೆಂಡತಿ ಜೋಡಿಗೂ ಆ ಕಡೆ ಅದೇ ಹೆಸರು, ಒಂದು ಕೋಯ್ತಾ ಅಂದರೆ ಇಬ್ಬರು. ನಾನು ಕೇಳಿದೆ, ಈ ಸಲ ಮುಂಗಡ ಎಷ್ಟು ತಗೊಂಡಿರಿ ಅಂತ. ಮುಕಾದಮನಿಂದ, ಅಂದರೆ ಕೂಲಿಗೆ ಕರೆದೊಯ್ಯುವ ಗುತ್ತಿಗೆದಾರನಿಂದ, ಎಂಬತ್ತು ಸಾವಿರ. ಟನ್ನಿಗೆ ಮುನ್ನೂರ ಐವತ್ತು ರೂಪಾಯಿ. ದಿನಕ್ಕೆ ಇಬ್ಬರೂ ಸೇರಿ ಎರಡು ಟನ್.

"ಹಂಗಾರ ಎಷ್ಟು ದಿನಕ್ಕ ಮುಂಗಡ ತೀರತೈತಿ?" ಅಂತ ನಾನು ಮೊಬೈಲ್ ತೆಗೆಯೋಕೆ ಹೋದೆ.

"ನೂರಾ ಹದಿನೈದು ದಿನಾರಿ" ಅಂದರು. ಕತ್ತಿ ಮಸೆಯೋದು ನಿಲ್ಲಿಸಲೂ ಇಲ್ಲ.

ಮೊಬೈಲ್‌ನಲ್ಲಿ ಒತ್ತಿದೆ. 114.28 ಅಂತ ಬಂತು. ಟೀಚರ್ ಬುದ್ಧಿ, ಬಿಡುತ್ತದಾ? "ನೂರಾ ಹದಿನಾಕು ಬರತೈತಲ್ರಿ" ಅಂದೆ.

ಅವರು ಮೊದಲ ಸಲ ತಲೆ ಎತ್ತಿ ನೋಡಿದರು. "ಅಕ್ಕೋರ, ಇನ್ನ ಎರಡನೂರು ರೂಪಾಯಿ ಉಳೀತಲ್ರಿ. ಅದಕ್ಕಂತ ಮುಕಾದಮ ಕಾಲ ದಿನ ಕಡಸ್ಯಾನೇನ್ರಿ? ಪೂರಾ ದಿನಾನ ಕಡಸ್ತಾನ." ನೂರಾ ಹದಿನಾಲ್ಕು ದಿನಕ್ಕೆ 79,800. ಹೌದು, ಬರೋಬ್ಬರಿ ಇನ್ನೂರು ಉಳಿಯುತ್ತದೆ.

ನಮ್ಮ ಮಕ್ಕಳಿಗೆ ಭಾಗಾಕಾರದಲ್ಲಿ ಶೇಷ ಬಂದರೆ ಏನು ಮಾಡಬೇಕು ಅಂತ ತಿಳಿಯೋದೇ ಇಲ್ಲ. 45 ಚೀಲ ಇವೆ, ಒಂದು ಗಾಡಿಗೆ 10 ಹಿಡಿಸುತ್ತವೆ, ಎಷ್ಟು ಗಾಡಿ ಬೇಕು? ನಾಲ್ಕು ಗಾಡಿ ಶೇಷ ಐದು ಅಂತ ಬರೆದು ಕೈ ತೊಳೆದುಕೊಳ್ಳುತ್ತಾರೆ. ಆ ಐದು ಚೀಲ ದಾರಿಯಲ್ಲೇ ಬಿದ್ದಿರುತ್ತವೆ. ಮರುದಿನ ಆ ಹುಡುಗಿಯ ಅಪ್ಪನ ಲೆಕ್ಕ ಬೋರ್ಡಿನ ಮೇಲೆ ಹಾಕಿದೆ. ಎಂಬತ್ತು ಸಾವಿರ, ದಿನಕ್ಕೆ ಏಳುನೂರು. ಶೇಷ ಇನ್ನೂರು ಬಂತು. "ಈ ಇನ್ನೂರಕ್ಕೆ ಏನು ಮಾಡೋಣ?" ಅಂದೆ. ತರಗತಿಗೆ ತರಗತಿನೇ "ಇನ್ನೊಂದು ದಿನಾ ಕಡೀಬೇಕ್ರಿ" ಅಂತ ಕೂಗಿತು. ಆ ಲೆಕ್ಕ ಅವರಿಗೆ ಯಾರೂ ಕಲಿಸಬೇಕಾಗಿರಲಿಲ್ಲ. ಅಪ್ಪ ಯಾವಾಗ ಬರ್ತಾನೆ ಅಂತ ಅಜ್ಜಿಯ ಹತ್ತಿರ ಕುಂತು ಎಣಿಸಿದ ಮಕ್ಕಳು ಅವು.

ಮುಂದಿನ ವಾರ ಅದೇ ಅಪ್ಪನನ್ನು ಶಾಲೆಗೆ ಕರೆದೆ. ಬರೋಕೆ ಒಪ್ಪಲಿಲ್ಲ. ಕೊನೆಗೆ ಕಾಂಪೌಂಡ್ ಹೊರಗೆ ಬೇವಿನ ಗಿಡದ ಕೆಳಗೆ ನಿಂತು, ಮೋಳಿಗೆ (ಒಂದು ಹೊರೆಗೆ) ಎಷ್ಟು ಕಬ್ಬು, ಟ್ರ್ಯಾಕ್ಟರಿಗೆ ಎಷ್ಟು ಮೋಳಿ ಅಂತ ಇಪ್ಪತ್ತು ನಿಮಿಷ ಹೇಳಿದರು. ಲಂಬಾಣಿಯಲ್ಲಿ. ನನಗೆ ಅರ್ಧ ತಿಳಿಯಿತು. ಮಕ್ಕಳಿಗೆ ಪೂರಾ. ಅವತ್ತು ತರಗತಿಯಲ್ಲಿ ಹಿಂದೆ ಬಿದ್ದವಳು ನಾನೊಬ್ಬಳೇ!

ಈಗ ದೂರು ಹೇಳಬೇಕು. ದೂರು ದೊಡ್ಡದೇ ಇದೆ.

ಕೋರ್ಸ್ ಪದೇ ಪದೇ ಹೇಳುವ ಒಂದು ಮಾತು: ತಾಯಂದಿರಿಗೆ ಇಂಗ್ಲಿಷ್ ಬರಲ್ಲ ಅಂತ ಚಿಂತೆ ಬೇಡ, ಮನೆ ಭಾಷೆಯಲ್ಲೇ ಮಗುವಿಗೆ ಓದಿ ಹೇಳಲಿ, ಒಂದು ಭಾಷೆಯಲ್ಲಿ ಓದೋದು ಬಂದರೆ ಇನ್ನೊಂದಕ್ಕೂ ಅದು ದಾಟುತ್ತದೆ. ಒಳ್ಳೇ ಮಾತು. ಸ್ಪ್ಯಾನಿಷ್‌ಗೆ ಅದು ಸರಿ. ಸ್ಪ್ಯಾನಿಷ್‌ನಲ್ಲಿ ಮಕ್ಕಳ ಪುಸ್ತಕ ರಾಶಿ ರಾಶಿ ಇವೆ. ಒಂದು ಪುಟದಲ್ಲಿ ಸ್ಪ್ಯಾನಿಷ್, ಎದುರು ಪುಟದಲ್ಲಿ ಇಂಗ್ಲಿಷ್ ಇರುವ ಪುಸ್ತಕಗಳ ಪಟ್ಟಿಯನ್ನೂ ಕೊಟ್ಟರು. ಲೈಬ್ರರಿಗಳಲ್ಲಿ ಏಪ್ರಿಲ್ 30ಕ್ಕೆ ಮಕ್ಕಳ ದಿನ, ಪುಸ್ತಕಗಳ ದಿನ ಅಂತ ಹಬ್ಬವೇ ನಡೆಯುತ್ತದೆ. ಮೆಕ್ಸಿಕೋದಲ್ಲಿ ಮೊದಲಿನಿಂದ ಅದು ಮಕ್ಕಳ ದಿನ. ಅದರ ಜೊತೆ ಪುಸ್ತಕವನ್ನೂ ಸೇರಿಸೋಣ ಅಂತ ಪ್ಯಾಟ್ ಮೋರಾ ಎಂಬ ಕವಯಿತ್ರಿಗೆ 1996ರಲ್ಲಿ ಹೊಳೆಯಿತಂತೆ. ಓದಿ ಖುಷಿಯಾಯಿತು.

ಆದರೆ ಲಂಬಾಣಿಗೆ ಸ್ವಂತ ಲಿಪಿ ಇಲ್ಲ. ಇಲ್ಲಿ ಕನ್ನಡದಲ್ಲಿ ಬರೀತಾರೆ, ಗಡಿ ದಾಟಿದರೆ ದೇವನಾಗರಿ, ಆಂಧ್ರ ತೆಲಂಗಾಣದಲ್ಲಿ ತೆಲುಗು. ನಮ್ಮ ತಾಂಡಾದ ತಾಯಿ ಯಾವ ಪುಸ್ತಕ ಹಿಡಿದು ಓದಬೇಕು? ಆ ತಾಯಿಗೆ ಓದೋಕೆ ಬರಲ್ಲ ಅನ್ನೋದು ಆಮೇಲಿನ ಮಾತು. ಪ್ರಶ್ನೆ ಪೆಟ್ಟಿಗೆಯಲ್ಲಿ ಇದನ್ನು ಬರೆದು ಹಾಕಿದೆ. 'ಉತ್ತಮ ಪ್ರಶ್ನೆ, ಧನ್ಯವಾದ' ಅಂತ ಉತ್ತರ ಬಂತು. ಅಷ್ಟೇ.

ಇನ್ನೂ ಇವೆ. ಫ್ರಿಜ್ ಮೇಲೆ ಅಂಟಿಸುವ ಓದಿನ ಪಟ್ಟಿ ಕೊಟ್ಟರು. ನಮ್ಮ ತಾಂಡಾದಲ್ಲಿ ಫ್ರಿಜ್ ಇರೋದು ಮೂರು ಮನೆಯಲ್ಲಿ. ಒಂದು ಅಂಗಡಿಯವರದು, ಅದರ ಮೇಲೆ ಆಗಲೇ ತಂಪು ಪಾನೀಯದ ಜಾಹೀರಾತಿನ ಹುಡುಗಿ ಕುಂತಿದ್ದಾಳೆ. ಮಲಗುವ ಮುಂಚೆ ಇಪ್ಪತ್ತು ನಿಮಿಷ ಓದಿ ಹೇಳಿ ಅಂದರು. ನಸುಕಿನ ನಾಲ್ಕಕ್ಕೆ ಎದ್ದು ಬಾಟಿ ಬಡಿದು, ದ್ರಾಕ್ಷಿ ತೋಟದ ಕೂಲಿ ಮುಗಿಸಿ ಬಂದ ತಾಯಿ ಮಗುವಿಗಿಂತ ಮೊದಲು ಮಲಗುತ್ತಾಳೆ. ನಾನು ಒಬ್ಬ ತಾಯಿಗೆ ಇದನ್ನು ಹೇಳಿಯೂ ನೋಡಿದೆ. ಆಕೆ ನಕ್ಕ ನಗು ಇನ್ನೂ ಕಿವಿಯಲ್ಲಿದೆ.

ದ್ರಾಕ್ಷಿ ಅಂದದ್ದಕ್ಕೆ ನೆನಪಾಯಿತು. ಕೋರ್ಸಿನಲ್ಲಿ ಕ್ಯಾಲಿಫೋರ್ನಿಯಾದ ದ್ರಾಕ್ಷಿ ತೋಟದ ಕೂಲಿಕಾರರ ವಿಷಯ ಎರಡೇ ನಿಮಿಷ ಬಂದು ಹೋಗುತ್ತದೆ. 1965ರಲ್ಲಿ ಡೆಲಾನೊ ಎಂಬಲ್ಲಿ ಫಿಲಿಪಿನೊ ಕೂಲಿಗಳು ಕೆಲಸ ನಿಲ್ಲಿಸಿದರು, ಮೆಕ್ಸಿಕೋ ಮೂಲದವರು ಅವರ ಜೊತೆ ಸೇರಿದರು. ಆ ಹೋರಾಟದ ಮುಂದಾಳುಗಳಲ್ಲಿ ಒಬ್ಬರಾದ ಡೊಲೊರೆಸ್ ವೆರ್ತಾ ಮೊದಲು ಟೀಚರ್ ಆಗಿದ್ದವರು. ಹಸಿದ ಹೊಟ್ಟೆಯಲ್ಲಿ ಬರುವ ಮಕ್ಕಳನ್ನು ನೋಡೋಕಾಗದೆ, ಇವರ ಅಪ್ಪ ಅಮ್ಮನ ಕೂಲಿಗೆ ಹೋರಾಡೋದೇ ಮೇಲು ಅಂತ ನೌಕರಿ ಬಿಟ್ಟರಂತೆ. ತಿಕೋಟಾ ರಸ್ತೆಯಲ್ಲಿ ದಿನಾ ಎರಡೂ ಕಡೆ ದ್ರಾಕ್ಷಿ ಪಡ ನೋಡುತ್ತಾ ಬಸ್ಸಿನಲ್ಲಿ ಹೋಗುವ ನನಗೆ ಇದನ್ನು ಇನ್ನೂ ಹತ್ತು ನಿಮಿಷ ಹೇಳಬಾರದಿತ್ತೇ ಅನ್ನಿಸಿತು.

ನಾಲ್ಕನೇ ವಾರದ ಒಂದು ಎಚ್ಚರಿಕೆ ಮಾತ್ರ ಎಲ್ಲಾ ಟೀಚರ್‌ಗಳೂ ಬರೆದಿಟ್ಟುಕೊಳ್ಳಬೇಕು. ಪಾಲಕರ ಜೊತೆ ಮಾತಾಡುವಾಗ ಅದೇ ಮಗುವನ್ನು ದುಭಾಷಿ ಮಾಡಬೇಡಿ. ಅಲ್ಲಿ ಸರ್ಕಾರದ ದುಡ್ಡು ಪಡೆಯುವ ಶಾಲೆಗಳು ಪಾಲಕರಿಗೆ ತಿಳಿಯುವ ಭಾಷೆಯಲ್ಲೇ ವಿಷಯ ಮುಟ್ಟಿಸಬೇಕು, ಅದು ಕಾನೂನು. ನಮ್ಮಲ್ಲಿ ಏನಾಗುತ್ತದೆ ಗೊತ್ತಾ? ಹೋದ ವರ್ಷ ಐದನೇ ತರಗತಿಯ ಒಬ್ಬ ಹುಡುಗನ ತಾಯಿಯನ್ನು ಕರೆಸಿದ್ದೆ. ಹೋಂವರ್ಕ್ ಇಲ್ಲ, ದಿನಾ ಹೊಡೆದಾಟ, ಒಬ್ಬಳ ಜಡೆಗೆ ಅಂಟು ಹಚ್ಚಿದ್ದ. ಎಲ್ಲಾ ಹೇಳಿದೆ. ಹುಡುಗ ಲಂಬಾಣಿಯಲ್ಲಿ ಅಮ್ಮನಿಗೆ ದಾಟಿಸಿದ. ಆಕೆಯ ಮುಖ ಅರಳಿತು. ನನ್ನ ಎರಡೂ ಕೈ ಹಿಡಿದು ಕಣ್ಣಿಗೆ ಒತ್ತಿಕೊಂಡು ಹೋದರು. ನಾನು ತಬ್ಬಿಬ್ಬು. ಹಿಂದೆ ತಿರುಗಿದರೆ ಅಡುಗೆಯವರು ಬಾಯಿಗೆ ಸೆರಗು ಇಟ್ಟುಕೊಂಡು ನಗುತ್ತಿದ್ದಾರೆ. ಅವನು ಹೇಳಿದ್ದು ಇಷ್ಟೇ: "ಯಾಡಿ (ಅವ್ವಾ), ನಿನ್ನ ಮಗ ಇಡೀ ಸಾಲಿಗೇ ಫಸ್ಟ್ ಅಂತ ಅಕ್ಕೋರು ಹೇಳಾಕತ್ತಾರ."

ಈಗ ಅಡುಗೆಯವರೇ ನಮ್ಮ ದುಭಾಷಿ. ಸಭೆಯ ವಿಷಯ ವಾಟ್ಸಾಪಿನಲ್ಲಿ ಬರೆದು ಕಳಿಸೋದು ಬಿಟ್ಟೆ. ಓದೋರು ಯಾರು? ಕಾಲೇಜಿಗೆ ಹೋಗುವ ನಮ್ಮ ಹಳೇ ವಿದ್ಯಾರ್ಥಿನಿ ಲಂಬಾಣಿಯಲ್ಲಿ ಮಾತಾಡಿ ಕಳಿಸುತ್ತಾಳೆ. ಸಭೆಯನ್ನು ಶನಿವಾರ ಬೆಳಿಗ್ಗೆಯಿಂದ ತೆಗೆದು ರಾತ್ರಿ ಏಳೂವರೆಗೆ, ಸೇವಾಲಾಲ್ ಗುಡಿಯ ಕಟ್ಟೆಗೆ ತಂದೆ. ಇದು ಐದನೇ ವಾರದ ಪಾಠದಿಂದ ಕದ್ದದ್ದು. ಸ್ಯಾನ್ ಡಿಯಾಗೊದಲ್ಲಿ 1987ರಲ್ಲಿ ಶುರುವಾದ ಒಂದು ಸಂಸ್ಥೆ ಮಕ್ಕಳ ಬದಲು ಪಾಲಕರಿಗೇ ಒಂಬತ್ತು ವಾರ ಕ್ಲಾಸ್ ನಡೆಸುತ್ತದೆ, ಅವರದೇ ಭಾಷೆಯಲ್ಲಿ, ಅವರಿಗೆ ಪುರುಸೊತ್ತು ಇರುವ ಹೊತ್ತಿನಲ್ಲಿ. ನಮ್ಮದು ಒಂಬತ್ತು ವಾರ ಎಲ್ಲಿಂದ ಆಗಬೇಕು, ಮೂರು ಸಲ ಸೇರಿದೆವು. ಚಹಾ, ಚುರಮುರಿಗೆ 340 ರೂಪಾಯಿ ಹೋಯಿತು. ಮೊದಲ ಸಲ ಹನ್ನೊಂದು, ಎರಡನೇ ಸಲ ಇಪ್ಪತ್ತಾರು ಜನ. ಮೂರನೇ ಸಲ ಎಣಿಸಲಿಲ್ಲ, ಕಟ್ಟೆ ಸಾಲಲಿಲ್ಲ. ನಾಯಕರು ತಾವೇ ಬಂದು ಮುಂದೆ ಕುಂತಿದ್ದರು. ನಾಯಕ ಅಂದರೆ ತಾಂಡಾದ ಹಿರಿಯರು, ಅವರು ಕುಂತರೆ ಉಳಿದವರು ಬಂದ ಹಾಗೆ. ಲಂಬಾಣಿಗರು ತಮ್ಮವರಿಗೆ ಗೋರ್ ಅಂತಾರೆ, ಹೊರಗಿನವರಿಗೆ ಕೋರ್. ಏಳು ವರ್ಷದಿಂದ ನಾನು ಕೋರ್. ಈಗಲೂ ಕೋರೇ, ಆದರೆ ಅವತ್ತು ಮೊದಲ ಚಹಾ ನನಗೆ ಕೊಟ್ಟರು.

ನೇರ ಕ್ಲಾಸ್‌ಗಳ ಬಗ್ಗೆ ಒಂದು ಮಾತು. ಅವರಿಗೆ ಮಂಗಳವಾರ ಸಂಜೆ ಆರು, ನಮಗೆ ಬುಧವಾರ ನಸುಕಿನ ನಾಲ್ಕೂವರೆ. ಎರಡು ಸಲ ಎದ್ದೆ. ಒಂದು ಸಲ ಕರೆಂಟ್ ಇರಲಿಲ್ಲ. ರೆಕಾರ್ಡಿಂಗ್ ಮರುದಿನ ಬರುತ್ತದೆ, ನಿದ್ದೆ ಕೆಡಿಸಿಕೊಳ್ಳಬೇಡಿ.

ಆದರೆ ಎದ್ದ ಆ ಒಂದು ನಸುಕಿನಲ್ಲಿ ಟೆಕ್ಸಾಸ್‌ನ ಒಬ್ಬ ಟೀಚರ್ ಸಿಕ್ಕರು. ಅವರ ತರಗತಿಯ ಮಕ್ಕಳ ಅಪ್ಪ ಅಮ್ಮ ಸುಗ್ಗಿ ಹಿಂದೆ ಊರೂರು ತಿರುಗುವ ತೋಟದ ಕೂಲಿಗಳು. ನಮ್ಮ ಕಬ್ಬಿನವರ ಥರಾನೇ. ಇಂಥ ಮಕ್ಕಳಿಗಾಗಿ ಅಲ್ಲಿ 1966ರಿಂದ ಬೇರೆ ಯೋಜನೆಯೇ ಇದೆ, ಮಗು ಒಂದು ರಾಜ್ಯ ಬಿಟ್ಟು ಇನ್ನೊಂದಕ್ಕೆ ಹೋದರೆ ಅದರ ಓದಿನ ದಾಖಲೆ ಕಂಪ್ಯೂಟರಿನಲ್ಲಿ ಹಿಂದೆಯೇ ಹೋಗುತ್ತದೆ ಅಂತ ವಿವರಿಸಿದರು. ದೇಶದೊಳಗೆ ಇರೋಕೆ ಬೇಕಾದ ಕಾಗದಪತ್ರ ಮಗುವಿಗೆ ಇಲ್ಲದಿದ್ದರೂ ಅದನ್ನು ಸರ್ಕಾರಿ ಶಾಲೆಯಿಂದ ಹೊರಗಿಡುವ ಹಾಗಿಲ್ಲ ಅಂತ ಅಲ್ಲಿನ ಸುಪ್ರೀಂ ಕೋರ್ಟ್ 1982ರಲ್ಲೇ ಹೇಳಿದೆ. ಅದೂ ಟೆಕ್ಸಾಸ್‌ನದೇ ಮೊಕದ್ದಮೆ. "ಆದರೂ ಗೇಟಿನಲ್ಲಿ ಗುರುತಿನ ಚೀಟಿ ಕೇಳಿದರೆ ನನ್ನ ಪಾಲಕರು ವಾಪಸ್ ಹೋಗಿಬಿಡುತ್ತಾರೆ" ಅಂದರು ಅವರು. ನಾನು ವಹಿ ಕಂಡು ಓಡಿದ ಹುಡುಗನ ಕಥೆ ಹೇಳಿದೆ. ಇಬ್ಬರೂ ನಕ್ಕೆವು. ಅಲ್ಲಿ ಕತ್ತಲಾಗುತ್ತಿತ್ತು, ಇಲ್ಲಿ ಹಾಲಿನವನು ಗಂಟೆ ಬಾರಿಸಿದ.

ಕೊನೆಯ ವಾರಕ್ಕೆ ನಮ್ಮದೇ ಒಂದು ಯೋಜನೆ ಮಾಡಿ ತೋರಿಸಬೇಕು. ಪುಸ್ತಕ ಇಲ್ಲ ಅಂದರೆ ಪುಸ್ತಕ ಮಾಡೋಣ ಅಂದುಕೊಂಡೆ. ತಾಂಡಾದ ತುದಿ ಮನೆಯ ಅಜ್ಜಿ ಒಬ್ಬರಿದ್ದಾರೆ. ಕೈತುಂಬಾ ಬಳೆ, ಕನ್ನಡಿ ಹಚ್ಚಿದ ಕುಪ್ಪಸ. ಅವರು ಹುಡುಗಿ ಇದ್ದಾಗ ಒಂದು ರಾತ್ರಿ ಆಕಳು ಕಳೆದ ಕಥೆ ಹೇಳಿದರು. ಫೋನಿನಲ್ಲಿ ಹಿಡಿದು, ಕನ್ನಡ ಅಕ್ಷರದಲ್ಲಿ ಲಂಬಾಣಿ ಮಾತನ್ನು ಹಾಗೇ ಬರೆದೆ. ಓದಿ ತೋರಿಸಿದರೆ ಅಜ್ಜಿ ಹೊಟ್ಟೆ ಹಿಡಿದುಕೊಂಡು ನಕ್ಕರು. ಆರನೇ ತರಗತಿಯ ಹುಡುಗಿ ನನ್ನ ಕೈಯಿಂದ ಪೆನ್ನು ಕಸಿದುಕೊಂಡು ಮೊದಲ ಪುಟದಲ್ಲೇ ಮೂರು ಕಡೆ ತಿದ್ದಿದಳು. ಆಮೇಲೆ ಬರೆದದ್ದೆಲ್ಲಾ ಅವಳೇ. ಚಿತ್ರ ಉಳಿದ ಮಕ್ಕಳದು. ಆಕಳಿಗೆ ಒಂದು ಪುಟದಲ್ಲಿ ನಾಲ್ಕು ಕಾಲು, ಇನ್ನೊಂದರಲ್ಲಿ ಐದು. ಹದಿನಾರು ಪುಟ. ಎಡಕ್ಕೆ ಲಂಬಾಣಿ, ಬಲಕ್ಕೆ ಕನ್ನಡ. ಗಾಂಧಿ ಚೌಕದ ಹತ್ತಿರ ಝೆರಾಕ್ಸ್ ಮಾಡಿಸಿ ಪಿನ್ ಹೊಡೆಸಿದೆ, ಪ್ರತಿಗೆ ಹನ್ನೆರಡು ರೂಪಾಯಿ, ಮೂವತ್ತು ಪ್ರತಿ. ಜೊತೆಗೆ ಪ್ರಥಮ್ ಬುಕ್ಸ್‌ನವರ ಸ್ಟೋರಿವೀವರ್ ತಾಣದಿಂದ ಒಂದನೇ ಹಂತದ ಕನ್ನಡ ಕಥೆಗಳನ್ನೂ ಇಳಿಸಿಕೊಂಡೆ. 2015ರಿಂದ ಇದೆ, ಪುಕ್ಕಟೆ ಇಳಿಸಿ ಅಚ್ಚು ಹಾಕಬಹುದು. ಗೊತ್ತಿಲ್ಲದವರು ಇವತ್ತೇ ನೋಡಿ.

ಸರ್ಟಿಫಿಕೇಟಿನ ಕಥೆ ಬೇಡ ಅಂದರೂ ಹೇಳಲೇಬೇಕು. ಕಾರ್ಡ್ ಎರಡು ಸಲ ಉಜ್ಜಿದರೂ ಆಗಲಿಲ್ಲ. ಮೂರನೇ ಸಲ ದುಡ್ಡು ಹೋಯಿತು, ಸರ್ಟಿಫಿಕೇಟ್ ಬರಲಿಲ್ಲ. ಮೇಲ್ ಹಾಕಿದರೆ ಯಂತ್ರವೇ ಉತ್ತರ ಕೊಟ್ಟಿತು. ಹನ್ನೊಂದು ದಿನಕ್ಕೆ ದುಡ್ಡು ವಾಪಸ್ ಬಂತು, ಅದರಲ್ಲೂ ಸ್ವಲ್ಪ ಕತ್ತರಿಸಿಕೊಂಡು. ಅದರ ಗೊಡವೆಗೆ ಹೋಗಬೇಡಿ. ಪ್ರಮೋಷನ್‌ಗೆ ಅದು ನಡೆಯೋದೂ ಇಲ್ಲ.

ಐದಕ್ಕೆ ಎಷ್ಟು ಕೊಡಲಿ? ಮೂರೂವರೆ. ಮೂರನೇ ವಾರಕ್ಕಷ್ಟೇ ಕೇಳಿದರೆ ಐದು. ಪುಸ್ತಕವೇ ಇಲ್ಲದ ಭಾಷೆಯ ಮನೆಗಳನ್ನು ಮರೆತದ್ದಕ್ಕೆ ಒಂದು ಪೂರ್ತಿ ಅಂಕ ಕತ್ತರಿ. ಉಳಿದ ಅರ್ಧ ಆ ಸರ್ಟಿಫಿಕೇಟಿಗೆ. ಲಂಬಾಣಿ ತಾಂಡಾ ಅಷ್ಟೇ ಅಲ್ಲ, ಮನೆಯಲ್ಲಿ ಮರಾಠಿ, ಉರ್ದು, ವಡ್ಡರ ಮಾತು ಆಡುವ ಮಕ್ಕಳಿರುವ ಟೀಚರ್ ಯಾರಿದ್ದರೂ ಮಾಡಿ. ದಿನಕ್ಕೆ ಮುಕ್ಕಾಲು ಗಂಟೆ ಸಾಕು. ಫ್ರಿಜ್ ಪಟ್ಟಿ ಬಂದಾಗ ಮುಂದಕ್ಕೆ ಓಡಿಸಿ.

ಈಗ ಸಿದ್ಧೇಶ್ವರ ಜಾತ್ರೆ ಮುಗಿದಿದೆ. ತಾಂಡಾದ ಅರ್ಧ ಮನೆಗೆ ಬೀಗ. ಆ ನಾಲ್ಕನೇ ತರಗತಿಯ ಹುಡುಗಿ ಅಜ್ಜಿಯ ಹತ್ತಿರ ಉಳಿದಿದ್ದಾಳೆ. ಹೋದ ವಾರ ಸಂಜೆ ಅಪ್ಪನಿಗೆ ವಿಡಿಯೊ ಕಾಲ್ ಮಾಡಿ ಆಕಳ ಪುಸ್ತಕ ಓದಿದಳಂತೆ, ಎಡಗಡೆಯ ಲಂಬಾಣಿ. ಅಲ್ಲಿ ಗುಡಿಸಲಿನ ಮುಂದೆ ಒಲೆ ಸುತ್ತ ಕುಂತವರೆಲ್ಲಾ ಕೇಳಿದರಂತೆ. ಹನ್ನೊಂದನೇ ಪುಟ ಮುಗಿಯೋ ಹೊತ್ತಿಗೆ ನೆಟ್‌ವರ್ಕ್ ಹೋಯಿತು.

ಮರುದಿನ ರಾತ್ರಿ ಎಂಟಕ್ಕೆ ನನ್ನ ಫೋನು ರಿಂಗಾಯಿತು. ಕೋಯ್ತಾ ಮಸೆಯುತ್ತಿದ್ದ ಅದೇ ಅಪ್ಪ. ಏಳು ವರ್ಷದಲ್ಲಿ ಒಬ್ಬ ಪಾಲಕರು ತಾವಾಗಿ ನನಗೆ ಫೋನ್ ಮಾಡಿದ್ದು ಅದೇ ಮೊದಲು. ಏನೋ ಅನಾಹುತ ಆಗಿದೆ ಅಂತ ಎದೆ ಧಸಕ್ಕೆಂದಿತು.

"ಅಕ್ಕೋರ, ಆ ಆಕಳ ಸಿಕ್ಕಿತೇನ್ರಿ? ಇಲ್ಲಿ ಮಂದಿ ನಿನ್ನೆಯಿಂದ ಕೇಳಾಕತ್ತಾರ."

"ನಾ ಹೇಳಂಗಿಲ್ರಿ" ಅಂದೆ. "ನಾಳೆ ಏಳಕ್ಕ ಮಗಳಿಗೆ ಫೋನ್ ಹಚ್ಚರಿ, ಇನ್ನ ಐದು ಪುಟ ಐತಿ."